ನಾಲ್ಕು ಕುದುರೆಗೆ ಐದು ಗುಡ್ಡೆ ಹುಲ್ಲು

ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ, ಕಂದು ಕುದುರೆಯ ಕತೆಯನ್ನು ಒಂದೇ ಥರ ಹೇಳುತ್ತಾರೆ. ಯಾರನ್ನೂ ಹತ್ತಿರ ಸೇರಿಸದಿದ್ದ ಹೆಣ್ಣುಕುದುರೆಯಂತೆ ಅದು. ನಮ್ಮ ಅತ್ತಿಗೆ ಸುಮ್ಮನೆ ಹೋಗಿ ನಿಂತಳಂತೆ, ಅದು ತಾನಾಗಿ ಬಂದು ಅವಳ ಹೆಗಲ ಮೇಲೆ ಮುಖ ಇಟ್ಟಿತಂತೆ. ಕೈಗುಣ ಕಣ್ರೀ, ಅದೆಲ್ಲ ಓದಿ ಬರೋದಲ್ಲ ಬುಡಿ. ಇಷ್ಟು ಹೇಳಿ, ಅಲ್ಲೇ ಕೂತ ನನ್ನ ಕಡೆ ಒಂದು ಸಲ ನೋಡುತ್ತಾರೆ.

ಈ ಕತೆಯ ಬಗ್ಗೆ ನನಗೆ ತಕರಾರಿದೆ. ಅದು ಒಂದು ದಿನದಲ್ಲಿ ಆದದ್ದಲ್ಲ, ಹತ್ತೊಂಬತ್ತು ದಿನ ಹಿಡಿಯಿತು. ನಾನು ಎಣಿಸಿದ್ದೇನೆ. ಹೆಗಲ ಮೇಲೆ ಮುಖ ಇಟ್ಟದ್ದೂ ಇಲ್ಲ, ಸೆರಗಿನ ತುದಿಯನ್ನು ಮೂಸಿ ನೋಡಿತು, ಅಷ್ಟೆ. ಆ ಹತ್ತೊಂಬತ್ತು ದಿನವೂ ನಾನು ಅಲ್ಲೇ ಇದ್ದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನ್ನ ಜೇಬಿನಲ್ಲಿ ಬೆಲ್ಲವೂ ಇತ್ತು.

ನಮ್ಮದು ಬೀಚನಹಳ್ಳಿಗೆ ಎರಡು ಮೈಲಿ ದೂರದ, ನಾಲೆ ಪಕ್ಕದ ಊರು. ಅಣ್ಣ ಡ್ಯಾಮಿನವರ ಕೈಕೆಳಗೆ ನೀರುಗಂಟಿ, ಯಾವ ಗದ್ದೆಗೆ ಯಾವ ದಿನ ತೂಬು ಎತ್ತಬೇಕು ಅನ್ನುವುದು ಅವನ ಕೆಲಸ. ಮನೆಯ ಹಿಂದೆ ನಾಲೆಗೆ ತಾಗಿದ ಒಂದು ತುಂಡು ಭೂಮಿ ಇದೆ. ಅರ್ಧ ಜೌಗು, ಅರ್ಧ ಗರಿಕೆ, ಬತ್ತ ಹಾಕಿದರೆ ಬೇರು ಕೊಳೆಯುತ್ತದೆ, ರಾಗಿ ಹಾಕಿದರೆ ಮೊಳೆಯುವುದೇ ಇಲ್ಲ. ಹೋದ ವರ್ಷ ಯುಗಾದಿ ಕಳೆದ ಮೇಲೆ ಆ ತುಂಡಿಗೆ ನಾಲ್ಕು ಕುದುರೆ ಬಂದವು. ಹಿನ್ನೀರಿನ ಕಡೆಯ ಒಂದು ರೆಸಾರ್ಟಿನವು. ಅವರ ಲಾಯ ಎದ್ದು ನಿಲ್ಲುವ ತನಕ ಮೇಯಲು ಜಾಗ ಬೇಕಿತ್ತು. ಮ್ಯಾನೇಜರು ಬಂದು ಅವ್ವನ ಹತ್ತಿರ ಮಾತಾಡಿ, ಕಲ್ಲುಕಂಬ ನೆಡಿಸಿ, ತಂತಿ ಎಳೆಸಿದರು. ಬೆಳಿಗ್ಗೆ ಸಂಜೆ ಹುಲ್ಲು ನೀರು ನಮ್ಮ ಮನೆಯವರದು.

ಅವರ ತಲೆಯಲ್ಲಿ ಇನ್ನೊಂದು ಯೋಚನೆಯೂ ಇತ್ತು. ಸವಾರಿ ಬೇಡ ಅನ್ನುವ ಅತಿಥಿಗಳು ಈಗ ಜಾಸ್ತಿಯಂತೆ. ಅವರಿಗೆ ಕುದುರೆಗಳ ನಡುವೆ ಸುಮ್ಮನೆ ಒಂದು ಬೆಳಿಗ್ಗೆ ಕಳೆಯುವ ಕಾರ್ಯಕ್ರಮ ಮಾಡಬೇಕು, ದಸರಾ ರಜೆಗೆ ಶುರುವಾಗಬೇಕು, ಅದನ್ನು ನಡೆಸಲು ಒಬ್ಬರು ಬೇಕು.

"ಒಬ್ರೇ ಸಾಕು. ನಿಮ್ಮನೇಲೇ ಯಾರಾದ್ರೂ ರೆಡಿ ಆಗಿ. ಸೆಪ್ಟೆಂಬರ್‌ನಲ್ಲಿ ಬಂದು ನೋಡಿ ಹೇಳ್ತೀನಿ" ಅಂದು ಕಾರು ಹತ್ತಿದರು.

ಆ ಒಬ್ಬರು ಯಾರು ಅನ್ನುವ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಮೈಸೂರಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದು ಒಂದು ವರ್ಷವಾಗಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಯಾವ ಕಾಲೇಜಿನ ಚರ್ಚಾಸ್ಪರ್ಧೆಗೆ ಹೋದರೂ ಕಪ್ಪು ಹಿಡಿದೇ ಬಸ್ಸು ಹತ್ತುತ್ತಿದ್ದವಳು ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಅತ್ತಿಗೆ ಭೇರ್ಯದ ಕಡೆಯವಳು, ನನಗಿಂತ ಎರಡು ವರ್ಷ ದೊಡ್ಡವಳು, ಹತ್ತನೇ ಕ್ಲಾಸಿಗೆ ಓದು ಬಿಟ್ಟವಳು. ನಮ್ಮ ಮನೆಗೆ ಬಂದು ಮೂರು ವರ್ಷ. ಆ ಮೂರು ವರ್ಷದಲ್ಲಿ ಅವಳು ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಕಿತ್ತುಕೊಂಡಿದ್ದರೆ ಜಗಳಕ್ಕೆ ಒಂದು ವಿಷಯವಾದರೂ ಇರುತ್ತಿತ್ತು. ಅವ್ವ ಸಾರಿಗೆ ಉಪ್ಪು ನೋಡಲು ಅವಳನ್ನು ಕರೆಯತೊಡಗಿದಳು. ಅಣ್ಣ ನನಗೆ ಹೇಳುತ್ತಿದ್ದ ಡ್ಯಾಮಿನ ಸುದ್ದಿ ಅವಳಿಗೆ ಹೇಳತೊಡಗಿದ. ಟೀವಿ ಮೇಲಿದ್ದ ನನ್ನ ಕಪ್ಪುಗಳಲ್ಲಿ ಒಂದು ಕಾಣುತ್ತಿಲ್ಲವಲ್ಲ ಅಂತ ಹುಡುಕಿದರೆ, ಅವ್ವ ಅದರಲ್ಲಿ ಕುದುರೆಗೆ ಹುರುಳಿ ಅಳೆಯುತ್ತಿದ್ದಳು.

"ಅದು ತಾಲೂಕು ಮಟ್ಟದ್ದು ಕಣವ್ವ."

"ಸರ್‍ಯಾಗಿ ಒಂದು ಸೇರು ಇಡೀತದೆ" ಅಂದಳು ಅವ್ವ.

ಮ್ಯಾನೇಜರ ಪ್ರಕಾರ ಬಿಳಿ ಕುದುರೆಯೇ ಗುಂಪಿನ ರಾಜ. ಎತ್ತರದ್ದು, ಉದ್ದ ಕತ್ತಿನದ್ದು, ಫೋಟೋಗೆ ಚೆನ್ನ. "ಅದ್ರ ಮುಂದೆ ನೀವು ಮಹಾರಾಜ ಆಗ್ಬೇಕು. ಆಗ ಮಿಕ್ಕಿದ್ದೆಲ್ಲ ತಾನಾಗೇ ಕೇಳ್ತವೆ" ಅನ್ನುತ್ತಿದ್ದರು. ಎಲ್ಲೋ ಮೂರು ದಿನದ ತರಬೇತಿಗೆ ಹೋಗಿ ಬಂದಿದ್ದರಂತೆ. ಈ ವಾದವನ್ನು ನಾನು ಮೊದಲ ವಾರದಲ್ಲೇ ಮುರಿದು ಹಾಕಿದೆ. ನೀರಿನ ತೊಟ್ಟಿಯ ಹತ್ತಿರ ನೋಟ್‌ಬುಕ್ ಹಿಡಿದು ಕೂತೆ. ಯಾರು ಬಂದರೆ ಯಾರು ಜಾಗ ಬಿಡುತ್ತಾರೆ, ಅಷ್ಟನ್ನೇ ಬರೆದುಕೊಂಡೆ. ಬಿಳಿಯದು ಕಪ್ಪು ಗಂಡುಕುದುರೆ ಕರಿಯನಿಗೆ ಜಾಗ ಬಿಡುತ್ತಿತ್ತು. ಕರಿಯ ಕಂದು ಹೆಣ್ಣಿಗೆ ಬಿಡುತ್ತಿದ್ದ. ಮಕ್ಕಳನ್ನು ಕೂರಿಸಲು ತಂದಿದ್ದ ಗಿಡ್ಡ ತಟ್ಟು ಎಲ್ಲರಿಗೂ ಬಿಡುತ್ತಿತ್ತು. ರಾಜ ಅನ್ನಿಸಿಕೊಂಡದ್ದು ಮೂರನೇ ಸ್ಥಾನದಲ್ಲಿತ್ತು.

ಕಚ್ಚುವುದು, ಒದೆಯುವುದು, ಕಿವಿ ಮಡಚಿ ನುಗ್ಗುವುದು, ಇದೆಲ್ಲ ಹೆಚ್ಚಾಗಿ ಕರಿಯನ ಕೆಲಸ. ಕಂದು ಹೆಣ್ಣು ಏನೂ ಮಾಡುತ್ತಿರಲಿಲ್ಲ. ಕತ್ತು ಸ್ವಲ್ಪ ತಗ್ಗಿಸಿ ಒಂದು ಕಿವಿಯನ್ನು ಹಿಂದಕ್ಕೆ ಹಾಕಿದರೆ ಉಳಿದ ಮೂರೂ ದಾರಿ ಬಿಡುತ್ತಿದ್ದವು. ಗುಂಪು ನೆರಳಿಗೆ ಹೋಗಬೇಕೋ ನೀರಿಗೆ ಹೋಗಬೇಕೋ ಅನ್ನುವುದನ್ನು ಅದು ನಡೆದು ತೋರಿಸುತ್ತಿತ್ತು, ತಿರುಗಿ ನೋಡುತ್ತಲೂ ಇರಲಿಲ್ಲ. ಎಲ್ಲರ ಮೇಲೂ ರೇಗುತ್ತಿದ್ದವನು ಎರಡನೆಯವನು. ಅವನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಹಾಗಾದರೆ ಗೆಲ್ಲಬೇಕಾದದ್ದು ಕಂದು ಹೆಣ್ಣನ್ನು, ಅದು ಒಪ್ಪಿದರೆ ಮಿಕ್ಕವು ಹಿಂದೆ ಬರುತ್ತವೆ ಅಂತ ತೀರ್ಮಾನ ಮಾಡಿದೆ. ಮ್ಯಾನೇಜರ ರಾಜನನ್ನು ಇಳಿಸಿ ಆ ಜಾಗದಲ್ಲಿ ರಾಣಿಯನ್ನು ಕೂರಿಸಿದೆನೇ ಹೊರತು, ಆಟ ಅದೇ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಕುದುರೆಯನ್ನು ಓಡಿಸಬೇಕಂತೆ, ನಿಲ್ಲಲು ಬಿಡಬಾರದಂತೆ, ಕೊನೆಗೆ ಅದು ತಲೆ ತಗ್ಗಿಸಿ ನೀನೇ ದೊಡ್ಡವಳು ಅಂತ ಒಪ್ಪಿಕೊಂಡು ಹತ್ತಿರ ಬರುತ್ತದಂತೆ. ಮೂರು ಬೆಳಿಗ್ಗೆ ಹಗ್ಗ ಬೀಸುತ್ತಾ ಅದನ್ನು ಓಡಿಸಿದೆ. ಓಡಿತು. ನಾನು ಎಡಕ್ಕೆ ಹೋದರೆ ಬಲಕ್ಕೆ, ಬಲಕ್ಕೆ ಹೋದರೆ ಎಡಕ್ಕೆ. ನೋಟ್‌ಬುಕ್ಕಿನಲ್ಲಿ ಯಶಸ್ವಿ ಅಂತ ಬರೆದೆ. ನಾಲ್ಕನೇ ದಿನ ನಾನು ಬೇಲಿಯ ಬಾಗಿಲಿನ ತಡಿಕೆ ತೆಗೆಯುವಾಗಲೇ ಅದು ಆ ತುದಿಗೆ ನಡೆದುಬಿಟ್ಟಿತು. ಅದರ ಹಿಂದೆ ಕರಿಯ, ಬಿಳಿಯದು, ತಟ್ಟು.

ಅತ್ತಿಗೆ ನಾಲೆಯ ಏರಿಯ ಮೇಲೆ ಹುಲ್ಲು ಕುಯ್ಯುತ್ತಿದ್ದಳು. ಕುಡುಗೋಲು ನಿಲ್ಲಿಸದೆ ಅಂದಳು:

"ಗೆದ್ದೆ ಬುಡು. ಎಲ್ಲಾರೂ ಆಚೆಗೋದ್ರು."

"ನೀನೇನ್ ಮಹಾ ಮಾಡ್ತಿದೀಯ ಅತ್ಗೆ? ಸುಮ್ನೆ ಕೂತಿರ್ತೀಯ."

"ಊಂ ಕಣಮ್ಮಿ. ನಾನ್ ಕೂತಿರ್ತೀನಿ."

ನಿಜವಾಗಿಯೂ ಅವಳು ಮಾಡುತ್ತಿದ್ದದ್ದು ಅಷ್ಟೇ. ಹುಲ್ಲು ತಂದು ಗುಡ್ಡೆ ಹಾಕುವುದು, ಆಮೇಲೆ ಏರಿಯ ಬುಡದಲ್ಲಿ ಕುದುರೆಗಳಿಗೆ ಬೆನ್ನು ತಿರುಗಿಸಿ ಕೂತು ಸೊಪ್ಪು ಬಿಡಿಸುವುದು. ನಾವು ದನದ ಜನ. ದನ ಅಂದರೆ ಹಿಂದಿನಿಂದ ಹೋಗಿ ಸೊಂಟಕ್ಕೆ ತಟ್ಟಿ ಹೈ ಅನ್ನುವುದು, ಇಲ್ಲದಿದ್ದರೆ ಮೂಗುದಾರ ಹಿಡಿದು ಎಳೆಯುವುದು. ಅವ್ವನಿಗೆ ಬೇರೆ ಗೊತ್ತಿಲ್ಲ. ಮೊದಲ ದಿನವೇ ಬಿಳಿಯದರ ಹಿಂದಿನಿಂದ ಹೋಗಿ ತಟ್ಟಲು ನೋಡಿ ಒದೆಯಿಂದ ಗೇಣಿನಷ್ಟರಲ್ಲಿ ತಪ್ಪಿಸಿಕೊಂಡಿದ್ದಳು. ಅತ್ತಿಗೆಯೂ ದನದ ಮನೆಯಿಂದಲೇ ಬಂದವಳು. ಆದರೂ ಅವಳು ಹಿಂದಿನಿಂದ ಹೋಗಲಿಲ್ಲ, ಎದುರಿಗೂ ಹೋಗಲಿಲ್ಲ. ಹತ್ತಿರ ಹೋಗಬೇಕಾದಾಗ ಪಕ್ಕದಿಂದ, ಭುಜದ ಕಡೆಗೆ, ಎಲ್ಲೋ ಹೋಗುವವಳು ದಾರಿಯಲ್ಲಿ ಸಿಕ್ಕಿದ ಹಾಗೆ ಹೋಗುತ್ತಿದ್ದಳು. ಕಂದು ಹೆಣ್ಣು ಒಂದು ಹೆಜ್ಜೆ ಸರಿದರೆ ಇವಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಹತ್ತೊಂಬತ್ತನೇ ದಿನ ಸೆರಗಿನ ತುದಿ ಮೂಸಿತು. ಅವಳು ತಿರುಗಿಯೂ ನೋಡಲಿಲ್ಲ, ದಂಟು ಮುರಿಯುತ್ತಲೇ ಇದ್ದಳು. ನಾನು ತೊಟ್ಟಿಯ ಹತ್ತಿರ ನಿಂತು ನೋಡಿದೆ. ಅವತ್ತು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ.

ಗುಡ್ಡೆಯ ವಿಷಯ ಹೇಳಬೇಕು. ನಾಲ್ಕು ಕುದುರೆಗೆ ಅವಳು ದಿನಾ ಐದು ಗುಡ್ಡೆ ಹುಲ್ಲು ಹಾಕುತ್ತಿದ್ದಳು, ದೂರ ದೂರ. ನಾಲ್ಕರ ತನಕ ಎಣಿಸಲೂ ಬರುವುದಿಲ್ಲವೇ ಅಂತ ಒಂದು ದಿನ ಕೇಳಿದೆ.

"ನಾಕೇ ಇಕ್ಕುದ್ರೆ, ಕರಿಯ ಬಂದು ಬಿಳೀದುನ್ನ ಎಬ್ಬುಸ್ತಾನೆ. ಬಿಳೀದು ಬಂದು ತಟ್ಟೂನ ಎಬ್ಬುಸ್ತದೆ. ತಟ್ಟು ಎಲ್ಲಿಗೋಗ್ಬೇಕು? ಎದ್ದೋರ್ಗೆ ಓಗಾಕೆ ಒಂದು ಜಾಗ ಬ್ಯಾಡ್ವಾ?"

"ಯಾರ್ ಹೇಳ್ಕೊಟ್ರು ನಿಂಗೆ?"

"ಯೋಳ್ಕೊಡಾದೇನು. ನಮ್ಮವ್ವನ ಮನೇಲಿ ಅನ್ನೊಂದು ಜನ ಊಟುಕ್ಕೆ ಕೂರೋರು. ಅನ್ನೆಲ್ಡು ಎಲೆ ಆಕ್ತಿದ್ದೊ."

ಅವತ್ತು ಮಧ್ಯಾಹ್ನ ಫೋನಿನಲ್ಲಿ ಹುಡುಕಿದೆ. ಎಲ್ಲೆಲ್ಲಿಯೋ ಕುದುರೆ ಸಾಕಿ ತಲೆ ನರೆತವರು ಅದನ್ನೇ ಹೇಳುತ್ತಿದ್ದರು: ಎಷ್ಟು ಕುದುರೆಯೋ ಅದಕ್ಕಿಂತ ಒಂದು ಗುಡ್ಡೆ ಹೆಚ್ಚಿಗೆ ಇಡಿ. ಫೋನು ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅತ್ತಿಗೆ ಎಷ್ಟು ಹಿಗ್ಗುತ್ತಿದ್ದಳೋ, ಅದಕ್ಕಿಂತ ಹೆಚ್ಚಾಗಿ ಅವ್ವ ಹಿಗ್ಗುತ್ತಿದ್ದಳು.

ಹುಲ್ಲಿಗೆ ಐದು ಗುಡ್ಡೆಯಾದರೆ, ಬೇಯಿಸಿದ ಹುರುಳಿಗೆ ಸಾಲು. ಮೊದಲ ಬಕೆಟ್ಟು ಕಂದು ಹೆಣ್ಣಿಗೆ, ಎರಡನೆಯದು ಕರಿಯನಿಗೆ, ಆಮೇಲೆ ಬಿಳಿಯದಕ್ಕೆ. ತಟ್ಟುವಿಗೆ ಕೊನೆಯಲ್ಲಿ, ಅದೂ ತಂತಿಯ ಆಚೆಗೆ ಕರೆದುಕೊಂಡು ಹೋಗಿ. ಇದು ಅವ್ವನಿಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕೊಟ್ಟಿಗೆಯ ರೂಢಿಯೇ ಬೇರೆ. ಬಡಕಲು ಯಾವುದೋ, ಗಬ್ಬ ಯಾವುದೋ, ಕಲಗಚ್ಚು ಮೊದಲು ಅದಕ್ಕೆ. ಗಟ್ಟಿಮುಟ್ಟಾದದ್ದು ಕಾಯುತ್ತದೆ. ಅಜ್ಜಿಯ ಕಾಲದಿಂದ ಹೀಗೇ.

"ಬಲ ಇರೋದುಕ್ಕೆ ಮೊದ್ಲು ಇಕ್ಕೋ ಮನೆ ನಮ್ದಲ್ಲ ಕಣವ್ವ" ಅಂದಳು ಅವ್ವ, ಅತ್ತಿಗೆಗೆ.

ಇಂಥ ಅವಕಾಶ ನಾನು ಬಿಡುತ್ತೇನೆಯೇ? ಒಲೆಯ ಮುಂದೆಯೇ ಶುರುಮಾಡಿದೆ. ಹುಟ್ಟಿನಿಂದ ಗಿಡ್ಡವಾದದ್ದು ತಟ್ಟುವಿನ ತಪ್ಪೇ? ಮೇಲಿನವರಿಗೆ ಮೊದಲು ಅನ್ನುವುದನ್ನು ಮನುಷ್ಯರಲ್ಲಿ ತಪ್ಪು ಅಂದ ಮೇಲೆ ಪ್ರಾಣಿಗಳಲ್ಲಿ ಯಾಕೆ ನಾವೇ ನಿಂತು ನಡೆಸಿಕೊಡಬೇಕು? ಪದ್ಧತಿ ಇದೆ ಅಂದ ಮಾತ್ರಕ್ಕೆ ನ್ಯಾಯವಾಗುತ್ತದೆಯೇ? ತೀರ್ಪುಗಾರರಿದ್ದಿದ್ದರೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅವ್ವ ತಲೆದೂಗಿದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನ ಪಕ್ಷದಲ್ಲಿದ್ದಳು.

ಅತ್ತಿಗೆ ಮುದ್ದೆ ತಿರುವುತ್ತಾ, "ನಮ್ ಅಸ ಕಟ್ಟಾಕಿರ್ತವೆ. ಒಂದುನ್ ಮುಂದೆ ಒಂದು ಬರಾಕಿಲ್ಲ. ಇವು ಬುಟ್ಟಿರಾವು ಕಣಮ್ಮಿ" ಅಂದಳು.

ನಾನು ಇನ್ನೂ ಜೋರಾಗಿ ಮಾತಾಡಿದೆ. "ಸರಿ ಬುಡು" ಅಂದಳು. ಮಾರನೇ ಬೆಳಿಗ್ಗೆ ಮಾಮೂಲಿ ಸಾಲಿನಲ್ಲೇ ಹಾಕಿದಳು.

ನ್ಯಾಯದ ಮಾತೆಲ್ಲ ಸುಳ್ಳು ಅಂತ ಹೇಳಲಾರೆ. ಆದರೆ ಅದರ ಹಿಂದೆ ಇನ್ನೊಂದು ಇತ್ತು. ಕಂದು ಹೆಣ್ಣು ಅವಳದಾಯಿತು, ಕರಿಯ ಬಿಳಿಯದು ಕಂದು ಹೆಣ್ಣಿನ ಹಿಂದೆ. ಉಳಿದದ್ದು ತಟ್ಟು ಒಂದೇ. ಅದಾದರೂ ನನ್ನನ್ನು ನೋಡಿದ ಕೂಡಲೇ ತಲೆ ಎತ್ತಲಿ ಅಂತ ಆಸೆಯಾಗಿತ್ತು.

ಅತ್ತಿಗೆಗೂ ರೆಸಾರ್ಟಿನ ಆ ಕೆಲಸ ಬೇಕಿತ್ತು ಅನ್ನುವುದು ನನಗೆ ಗೊತ್ತಾದದ್ದು ಆಗಸ್ಟಿನಲ್ಲಿ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವಳಿಗೆ ಬೇಲಿಯ ಕಡೆಯಿಂದ ಮಾತು ಕೇಳಿಸಿತು. "ಗುಡ್ ಮಾರ್ನಿಂಗ್. ವೆಲ್ಕಮ್. ದಿಸ್ ಈಸ್ ದೊಡ್ಡವ್ವ." ಕಂದು ಹೆಣ್ಣಿಗೆ ಅವಳು ದೊಡ್ಡವ್ವ ಅನ್ನುತ್ತಿದ್ದಳು. ಇನ್ನೊಂದು ಸಲ, ಸ್ವಲ್ಪ ದನಿ ಏರಿಸಿ, "ಗುಡ್ ಮಾರ್ನಿಂಗ್, ವೆಲ್ಕಮ್." ನಾನು ಕೆಮ್ಮಿದೆ. ಅವಳು ನಾಚಿ ನಕ್ಕಳು.

"ನಗಾಡ್ಬೇಡ ಕಣಮ್ಮಿ. ಬಂದೋರ್ಗೆ ಅಷ್ಟಾರ ಅನ್ಬೇಕಲ್ಲ."

"ಅಷ್ಟಂದ್ರೆ ಸಾಲ್ದು ಅತ್ಗೆ. ಅವ್ರು ತಿರುಗಿ ಏನಾರ ಕೇಳ್ತಾರಲ್ಲ, ಅದಕ್ಕೆ ಉತ್ತರ ಕೊಡ್ಬೇಕು" ಅಂದೆ. ಅವಳ ನಗು ನಿಂತಿತು. ಆ ಗಳಿಗೆಯಲ್ಲಿ ನನಗೆ ಒಂದು ಸಣ್ಣ ಸಂತೋಷವಾಯಿತು, ಇಲ್ಲ ಅನ್ನುವುದಿಲ್ಲ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಬರುತ್ತೇನೆ ಅಂತ ಮ್ಯಾನೇಜರು ಫೋನು ಮಾಡಿದರು. ಅದೇ ವಾರ ಅತ್ತಿಗೆಯ ತಾಯಿಗೆ ಕಣ್ಣಿನ ಆಪರೇಷನ್ ಇತ್ತು. ಬುಧವಾರ ಮಧ್ಯಾಹ್ನ ಭೇರ್ಯಕ್ಕೆ ಹೊರಟಳು. ಬಸ್ಸಿಗೆ ಹೊತ್ತಾಗುತ್ತಿದ್ದರೂ ಹೇಳಿದ್ದನ್ನೇ ಹೇಳಿದಳು:

"ಉಲ್ಲು ಎಂಗಾರ ಆಕು. ಉಳ್ಳಿಕಾಳು ಮಾತ್ರ ಮೊದ್ಲು ದೊಡ್ಡವ್ವಂಗೆ. ತಟ್ಟೂನ ಆಚೆಗೆ ಕರ್ಕೊಂಡೋಗಿ ಇಕ್ಕು. ಒಳ್ಗಡೆ ಬ್ಯಾಡ. ವಾದ ಮಾಡ್ಬೇಡ."

ಗುರುವಾರ ಬೆಳಿಗ್ಗೆ ಬೆಂದ ಹುರುಳಿ ಆರಿಸಿ ನಾಲ್ಕು ಬಕೆಟ್ಟಿಗೆ ಹಾಕಿದೆ. ಅವ್ವ ಹಿತ್ತಲ ಬಾಗಿಲಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ತಡಿಕೆ ತೆಗೆದಾಗ ಕಂದು ಹೆಣ್ಣು ಎಂದಿನಂತೆ ಅತ್ತಿಗೆಯನ್ನು ನಿರೀಕ್ಷಿಸುತ್ತಾ ಎರಡು ಹೆಜ್ಜೆ ಬಂತು. ನನ್ನನ್ನು ನೋಡಿ ನಿಂತಿತು. ನಿಂತು, ಮುಖ ಪಕ್ಕಕ್ಕೆ ತಿರುಗಿಸಿತು. ಬೇರೆ ಏನಿಲ್ಲ, ಮುಖ ತಿರುಗಿಸಿತು ಅಷ್ಟೆ. ನಾನು ಅದರ ಪಕ್ಕದಲ್ಲೇ ಹಾದು, ಕಲ್ಲುಕಂಬದ ಮೂಲೆಯಲ್ಲಿ ನಿಂತಿದ್ದ ತಟ್ಟುವಿನ ಮುಂದೆ ಮೊದಲ ಬಕೆಟ್ಟು ಇಟ್ಟೆ.

ತಟ್ಟು ತಿನ್ನಲಿಲ್ಲ. ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಅದೇ. ಅದು ಬಕೆಟ್ಟನ್ನು ನೋಡಿತು, ನನ್ನ ಹಿಂದೆ ನೋಡಿತು, ಕಿವಿ ಎರಡೂ ಅಲ್ಲಾಡುತ್ತಿದ್ದವು. ತಿನ್ನು ಅಂತ ನಾನೇ ಅದರ ಮೂತಿಯನ್ನು ಬಕೆಟ್ಟಿಗೆ ತಗ್ಗಿಸಿದೆ. ಕಂದು ಹೆಣ್ಣು ನಡೆದು ಬಂತು, ಓಡಲಿಲ್ಲ. ಅದಕ್ಕೆ ದಾರಿ ಬಿಡಲು ಬಿಳಿಯದು ಹಾರಿತು, ಹಾರಿದ ಬಿಳಿಯದನ್ನು ಕರಿಯ ಕಚ್ಚಿದ, ಎಲ್ಲ ಸೇರಿ ಮೂಲೆಗೆ ಒತ್ತಿದವು. ನಾನು ತಂತಿಯ ಕೆಳಗೆ ನುಸುಳಿ ಹೊರಗೆ ಬಿದ್ದೆ. ತಟ್ಟುವಿಗೆ ನುಸುಳಲು ಬರುವುದಿಲ್ಲ. ಒಂದು ಕಡೆ ಕಲ್ಲುಕಂಬ, ಎರಡು ಕಡೆ ತಂತಿ, ಎದುರಿಗೆ ಕರಿಯನ ಹಿಂಗಾಲು. ಎರಡು ಸಲ ಸದ್ದು ಕೇಳಿಸಿತು. ಎಲ್ಲ ಚದುರಿದಾಗ ಅದರ ಹಿಂದಿನ ತೊಡೆಯ ಮೇಲೆ ಚರ್ಮ ಅಂಗೈ ಅಗಲ ತೆರೆದುಕೊಂಡಿತ್ತು. ಬಕೆಟ್ಟು ಮಗುಚಿ ಬಿದ್ದಿತ್ತು. ಕಂದು ಹೆಣ್ಣು ಹುರುಳಿಗೆ ಬಾಯಿಯನ್ನೂ ಹಾಕದೆ ನೆರಳಿಗೆ ಹೋಯಿತು.

ತಾಲೂಕು ಕೇಂದ್ರ ಕೋಟೆಯಿಂದ ಪಶುವೈದ್ಯರು ಬಂದು ಹೊಲಿಗೆ ಹಾಕಿದರು. ಮೂಳೆಗೆ ಏನೂ ಆಗಿಲ್ಲ ಅಂದರು. ಅವ್ವ ನನ್ನನ್ನು ಬೈಯಲೂ ಇಲ್ಲ. ಬಡಕಲಿಗೆ ಮೊದಲು ಅನ್ನುವುದು ಅವಳ ಮಾತೂ ಆಗಿತ್ತಲ್ಲ.

ಶುಕ್ರವಾರ ಅತ್ತಿಗೆ ಮೊದಲ ಬಸ್ಸಿಗೆ ಬಂದಳು, ಕೆ.ಆರ್. ನಗರದಲ್ಲಿ, ಹುಣಸೂರಿನಲ್ಲಿ, ಕೋಟೆಯಲ್ಲಿ ಬಸ್ಸು ಬದಲಾಯಿಸಿಕೊಂಡು. ಬ್ಯಾಗು ಜಗುಲಿಯ ಮೇಲೆ ಇಟ್ಟು ಸೀದಾ ಬೇಲಿಗೆ ಹೋದಳು. ಗಾಯ ನೋಡಿದಳು. ಆಮೇಲೆ ಮೂಲೆಗೆ ಹೋಗಿ, ಅಲ್ಲಿ ಕೆಸರಿಗೆ ಅಂಟಿದ್ದ ಹುರುಳಿಕಾಳು ನೋಡಿದಳು.

"ಈ ಮೂಲೇಲಿ ಇಕ್ಕುದ್ಯಾ?"

"ಹೂಂ."

ಇಷ್ಟೇ ನಮ್ಮ ನಡುವೆ ಆದ ಮಾತು. ಅವಳು ಬೇವಿನ ಸೊಪ್ಪು ಕುದಿಸಿ ತಂದು, ಬಸ್ಸಿನ ಸೀರೆಯಲ್ಲೇ ಕೂತು ಗಾಯದ ಸುತ್ತ ಒರೆಸತೊಡಗಿದಳು. ಕಂದು ಹೆಣ್ಣು ಅವಳ ಹಿಂದೆ ಬಂದು ನಿಂತಿತು. ಹನ್ನೊಂದು ಗಂಟೆಗೆ ಮ್ಯಾನೇಜರು ಬಂದದ್ದು ಈ ಸ್ಥಿತಿಗೆ. ಕುದುರೆಯ ತೊಡೆಯಲ್ಲಿ ಹೊಲಿಗೆ, ಪಕ್ಕದಲ್ಲಿ ನೀರಿನ ಬೋಗುಣಿ ಹಿಡಿದ ಅತ್ತಿಗೆ, ಎರಡು ಮಾರು ದೂರದಲ್ಲಿ ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ನಾನು.

"ಏನಿದು? ಹೆಂಗಾಯ್ತು?"

"ಹುರುಳಿ ಹಾಕೋವಾಗ ಜಗಳ ಆಡ್ಕೊಂಡ್ವು ಸಾರ್" ಅಂದೆ.

"ಹುರುಳಿ ಹಾಕೋರ್ ಯಾರು?"

ಚರ್ಚಾಸ್ಪರ್ಧೆಯಲ್ಲಿ ನಮಗೆ ಒಂದು ಕಲಿಸುತ್ತಾರೆ. ಇಕ್ಕಟ್ಟಿನ ಪ್ರಶ್ನೆ ಬಂದರೆ ಸುಳ್ಳು ಹೇಳಬೇಡಿ, ಸಿಕ್ಕಿಬೀಳುತ್ತೀರಿ. ನಿಜವಾದ ಇನ್ನೊಂದನ್ನು ಹೇಳಿ. ಅದಕ್ಕೆ ನನಗೆ ಯೋಚನೆಯೂ ಬೇಕಾಗಲಿಲ್ಲ.

"ದಿನಾ ಹುರುಳಿ ಇಕ್ಕೋದು ಅತ್ಗೆ ಸಾರ್."

ನಿಜ. ದಿನಾ ಇಕ್ಕುತ್ತಿದ್ದದ್ದು ಅವಳೇ. ಯಾವ ತೀರ್ಪುಗಾರರೂ ಆ ವಾಕ್ಯದಲ್ಲಿ ತಪ್ಪು ಹುಡುಕಲಾರರು.

ಮ್ಯಾನೇಜರು ಅವಳ ಕಡೆ ತಿರುಗಿದರು. "ಯಾಕಮ್ಮಾ, ಸ್ವಲ್ಪ ನೋಡ್ಕೊಂಡು ಹಾಕ್ಬಾರ್ದಾ? ನಾಳೆ ಮಕ್ಕಳು ಹತ್ರ ನಿಂತಿದ್ರೆ ಏನ್ ಗತಿ?"

ಅತ್ತಿಗೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಕೋಪವಿದ್ದಿದ್ದರೆ ನನಗೆ ಗುರುತು ಸಿಗುತ್ತಿತ್ತು. ಬೋಗುಣಿಯ ನೀರನ್ನು ಬೇಲಿಯ ಆಚೆ ಚೆಲ್ಲಿದಳು. ಹಿತ್ತಲ ಬಾಗಿಲಲ್ಲಿದ್ದ ಅವ್ವ ಒಳಗೆ ಹೋದಳು. ಬೆಳಿಗ್ಗೆ ನಾಲ್ಕು ಗಂಟೆಗೆ ಭೇರ್ಯದಲ್ಲಿ ಎದ್ದವಳು ಗುರುವಾರ ಇಲ್ಲಿ ಇರಲೇ ಇಲ್ಲ ಅಂತ ಹೇಳಲು ಮೂರು ಜನರಿದ್ದೆವು. ಒಬ್ಬರೂ ಹೇಳಲಿಲ್ಲ.

ಕೆಲಸ ನನಗೆ ಸಿಕ್ಕಿತು. ಗುಂಪಿನ ಸಾಲು, ಹುಲ್ಲಿನ ಗುಡ್ಡೆ, ಪಕ್ಕದಿಂದ ಹೋಗುವುದು, ಎಲ್ಲವನ್ನೂ ಮ್ಯಾನೇಜರಿಗೆ ಹತ್ತು ನಿಮಿಷ ವಿವರಿಸಿದೆ. ಇಷ್ಟೆಲ್ಲ ಹೇಗೆ ಗೊತ್ತು ಅಂತ ಅವರು ಬೆರಗಾದರು. ನೋಟ್‌ಬುಕ್ಕು ತೋರಿಸಿದೆ. ಸಂಜೆ ಅವ್ವ, "ನಿಂಗೆ ಬೇಕಾಗಿತ್ತು, ಸಿಕ್ತು. ಉಣ್ಣು ಬಾ" ಅಂದಳು.

ಈಗ ವಾರಕ್ಕೆ ಮೂರು ಬೆಳಿಗ್ಗೆ ಅತಿಥಿಗಳು ಬರುತ್ತಾರೆ. ರೆಸಾರ್ಟಿನ ಹಸಿರು ಅಂಗಿ ಹಾಕಿಕೊಂಡು ನಾನು ಅವರಿಗೆ ಹೇಳುವುದು ಹೀಗೆ: ಇವರ ನಡುವೆ ಒಂದು ಸಾಲು ಇದೆ. ಅದರಲ್ಲಿ ನಿಮಗೆ ಜಾಗ ಇಲ್ಲ, ಮೇಲೂ ಇಲ್ಲ ಕೆಳಗೂ ಇಲ್ಲ, ಏಕೆಂದರೆ ನೀವು ಕುದುರೆ ಅಲ್ಲ ಅಂತ ಅವಕ್ಕೆ ಗೊತ್ತು. ನೀವು ಮೇವು ತರುವ ಹೊರಗಿನವರು. ಯಜಮಾನರಾಗಲು ಹೋಗಬೇಡಿ, ಅವರ ಸಾಲನ್ನು ತಿದ್ದಲೂ ಹೋಗಬೇಡಿ. ನಿಮ್ಮ ದಯೆಯ ಬೆಲೆ ತಟ್ಟುವಿನ ಮೈಮೇಲೆ ಬೀಳುತ್ತದೆ. ಅವು ನಿಮ್ಮನ್ನು ನೋಡಿ ಕಲಿತುಕೊಳ್ಳುವ ತನಕ ಒಂದೇ ಥರ ಇರಿ. ಜನ ಚಪ್ಪಾಳೆ ಹೊಡೆಯುತ್ತಾರೆ. ಇದರಲ್ಲಿ ನಾನು ನಂಬದ ಒಂದು ಮಾತೂ ಇಲ್ಲ. ನನ್ನದು ಅನ್ನುವ ಮಾತೂ ಇಲ್ಲ.

ಕಂದು ಹೆಣ್ಣು ಈಗ ನನ್ನ ಹತ್ತಿರವೂ ಬರುತ್ತದೆ. ಕೈಯಿಂದ ತಿನ್ನುತ್ತದೆ, ಹಗ್ಗ ಹಾಕಿದರೆ ನಡೆಯುತ್ತದೆ. ಅದನ್ನು ಹೇಳದೆ ಮುಚ್ಚಿಟ್ಟರೆ ತಪ್ಪಾಗುತ್ತದೆ. ಆದರೆ ಅತ್ತಿಗೆ ಹುಲ್ಲಿನ ಹೊರೆ ಹೊತ್ತು ಏರಿಯ ಮೇಲೆ ಹೋಗುವ ಹೊತ್ತಿಗೆ, ನಾನು ಮಾತಿನ ಮಧ್ಯದಲ್ಲಿದ್ದರೂ ಅದು ತಂತಿಯ ಪಕ್ಕಕ್ಕೆ ಹೋಗಿ, ಅವಳ ಜೊತೆಜೊತೆಗೆ ಕೊನೆಯ ಕಂಬದ ತನಕ ನಡೆಯುತ್ತದೆ. ಅದರ ಹಿಂದೆ ಮೂರೂ. ಅತಿಥಿಗಳು ಅತ್ತ ತಿರುಗುತ್ತಾರೆ. ಒಬ್ಬ ಹೆಂಗಸು, ಅವ್ರ್ಯಾರು ಅಂತ ಕೇಳಿದಳು. "ನಮ್ಮನೆಯವ್ರು, ಹುಲ್ಲು ತರ್ತಾರೆ" ಅಂದೆ. ಅತ್ತಿಗೆ ಬೇಲಿಯೊಳಗೆ ಕಾಲಿಟ್ಟು ಈಗ ಮೂರು ತಿಂಗಳಾಯಿತು. ನಾನು ಬಾ ಅಂದಿಲ್ಲ.

ಮೊನ್ನೆ ಭಾನುವಾರ ಹಿತ್ತಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅವ್ವ ಮಲಗಿದ್ದಳು. ಅತ್ತಿಗೆ ಎಂದಿನ ದನಿಯಲ್ಲೇ ಕೇಳಿದಳು:

"ತಟ್ಟೂದು ಕೂದ್ಲು ಬಂತಾ?"

"ಬಂತು. ಅಲ್ಲಿ ಮಾತ್ರ ಬೆಳ್ಳಗೆ ಬಂದದೆ."

"ಅಂಗೇ ಬರೋದು."

ಇಷ್ಟು ದಿನ ನಾನು ಎರಡೂ ಪಕ್ಷದಲ್ಲಿ ನಿಂತು ನೋಡಿದ್ದೇನೆ. ಮ್ಯಾನೇಜರ ಮುಂದೆ ಅವಳು ಮನೆಯ ಮರ್ಯಾದೆಗೆ ಸುಮ್ಮನಿದ್ದಳು ಅನ್ನಬಹುದು. ಹೇಳಿದರೂ ಆ ಮ್ಯಾನೇಜರು ಇಂಗ್ಲಿಷು ಬರುವವಳನ್ನೇ ನಂಬುತ್ತಾರೆ ಅಂತ ಲೆಕ್ಕ ಹಾಕಿದಳು ಅನ್ನಬಹುದು. ಯಾವುದನ್ನು ಎತ್ತಿಕೊಂಡರೂ ಎರಡು ನಿಮಿಷದಲ್ಲಿ ನಾನೇ ಖಂಡಿಸಿಬಿಡುತ್ತೇನೆ. ಅವಳು ನನ್ನ ಮೇಲೆ ಬಿದ್ದಿದ್ದರೆ, ಅಣ್ಣನ ಹತ್ತಿರ ದೂರಿದ್ದರೆ, ನಾವಿಬ್ಬರೂ ಸಮ ಆಗುತ್ತಿದ್ದೆವು. ಆ ಸಮವನ್ನೂ ಅವಳು ನನಗೆ ಕೊಟ್ಟಿಲ್ಲ. ಅವತ್ತು ಅವಳು ಕಳೆದುಕೊಂಡದ್ದರ ಮೇಲೂ ನನಗೆ ಹೊಟ್ಟೆಯುರಿ ಅಂದರೆ ಯಾರಾದರೂ ನಂಬುತ್ತಾರೆಯೇ?

ಮೊರದಲ್ಲಿ ಕಾಳು ಅರ್ಧ ತುಂಬಿತ್ತು. ಅವಳ ಬೆರಳು ನಿಂತಿರಲಿಲ್ಲ. ನಾನು ಕೇಳಿದೆ:

"ಅತ್ಗೆ, ಅವತ್ತು ಇಕ್ಕಿದ್ದು ನಾನು ಅಂತ ನಿಂಗೆ ಗೊತ್ತಿತ್ತು. ಯಾಕ್ ಸುಮ್ನಿದ್ದೆ? ನನ್ ಮೇಲಿನ್ ಪ್ರೀತಿಗಾ, ಇಲ್ಲಾ ಇಂಥೋಳ ಹತ್ರ ಏನ್ ಜಗಳ ಅಂತಾನಾ?"